ಅತ್ತೆಯ ಕೆಮ್ಮು, ನನ್ನ ಎದೆ

ಬ್ಯಾಡಗಿಗೆ ಸೊಸೆಯಾಗಿ ಬಂದವಳು ಮೊದಲ ಸುಗ್ಗಿಯೆಲ್ಲ ಸೀನುತ್ತಾಳೆ. ಅದನ್ನು ಯಾರೂ ರೋಗ ಎನ್ನುವುದಿಲ್ಲ, ನೋಡಿ ನಗುತ್ತಾರೆ. ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಬರತೊಡಗಿದವೆಂದರೆ ಊರಿಗೆ ಊರೇ ಘಾಟು. ನಾನು ರಾಣೆಬೆನ್ನೂರು ತಾಲೂಕಿನ ಕುಪ್ಪೇಲೂರಿನವಳು. ಮದುವೆಯಾಗಿ ಬಂದ ವರ್ಷ ನನ್ನ ಕಣ್ಣು ಮೂಗು ಸೋರುತ್ತಿದ್ದುದನ್ನು ನೋಡಿ ನಮ್ಮ ಅತ್ತೆ ಗಂಗವ್ವ, “ಸೊಸಿ ಅಳಾಕತ್ತಾಳಂತ ತವರಮನಿಗೆ ಹೇಳಿ ಕಳಸಬ್ಯಾಡ್ರಿ, ಘಾಟ ಬಡದೈತಿ ಅಷ್ಟ” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಮುಂದಿನ ಸುಗ್ಗಿಗೆ ಸೀನು ನಿಂತಿತು. ಓಣಿಯ ಹೆಂಗಸರು ಆಗ ನನ್ನನ್ನು ಊರಿನವಳೆಂದು ಒಪ್ಪಿಕೊಂಡರು.

ಕೆಲವು ವರ್ಷಗಳಾದ ಮೇಲೆ ಮನೆಯ ಮುಂದಿನ ಖೋಲಿಯಲ್ಲಿ ಖಾರದ ಗಿರಣಿ ಹಾಕಿದೆ. ನಮ್ಮ ಮನೆಯವರು ಮಹಾಂತೇಶ, ಮೋಟರ್ ರಿವೈಂಡಿಂಗ್ ಅಂಗಡಿಯವರು. ಗಿರಣಿ ಕೂಡಿಸಿ ಕೊಟ್ಟವರು ಅವರು, ನಡೆಸಿದವಳು ನಾನು. ಯಾವ ಕಾಯಿ ಎಷ್ಟು ಒಣಗಿದೆ ಎಂದು ಮುರಿದ ಸಪ್ಪಳದಲ್ಲೇ ಹೇಳುತ್ತಿದ್ದೆ. ಹಾವೇರಿಯಿಂದ, ಅಗಡಿಯಿಂದ ಹೆಂಗಸರು ಬಸ್ಸು ಹತ್ತಿ ಬಂದು, “ಗಿರಿಜಕ್ಕಾರ, ನೀವ ನಿಂತು ಬೀಸಿ ಕೊಡ್ರಿ” ಎನ್ನುತ್ತಿದ್ದರು. ನನಗೆ ಆ ಮಾತಿನ ಮೇಲೆ ಬಹಳ ಆಸೆ. ಹತ್ತನೆಯ ಇಯತ್ತೆಗೇ ಶಾಲೆ ಬಿಡಿಸಿಕೊಂಡವಳು ನಾನು, ಹೆಸರು ಹಿಡಿದು ಕೇಳಿಕೊಂಡು ಬರುವಂಥ ಇನ್ನೊಂದು ಕೆಲಸ ನನ್ನ ಕೈಯಲ್ಲಿ ಇರಲಿಲ್ಲ.

ನಮ್ಮೂರಿನ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಇದು ನಮ್ಮ ಜಂಬ. ಆ ಜಂಬದಿಂದಲೇ ಇನ್ನೊಂದು ನಂಬಿಕೆಯೂ ಹುಟ್ಟಿತ್ತು: ಖಾರವೇ ಇಲ್ಲದ ಕಾಯಿಯ ಪುಡಿ ಎದೆಗೆ ಏನು ಮಾಡೀತು? ಬೇರೆ ಕಡೆಯ ಖಾರದ ಕಾಯಿ ಬೀಸುವಾಗ ಮಾತ್ರ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದೆ. ನಮ್ಮ ಕಾಯಿ ಬಂದರೆ ಸೆರಗು ಸೊಂಟಕ್ಕೆ ಸಿಗಿಸಿ ನಿಲ್ಲುತ್ತಿದ್ದೆ. ಸಂಜೆಗೆ ಹುಬ್ಬು, ರೆಪ್ಪೆ, ಮೂಗಿನ ಒಳಗೆ ಎಲ್ಲ ಕೆಂಪು.

ನಲವತ್ತೈದು ದಾಟಿದ ಮೇಲೆ ಕೆಮ್ಮು ಶುರುವಾಯಿತು. ಬೆಳಿಗ್ಗೆ ಎದ್ದ ಕೂಡಲೇ ಒಂದು ಸುತ್ತು, ನೀರು ಕಾಯಿಸುವಾಗ ಇನ್ನೊಂದು ಸುತ್ತು. ಮಾಳಿಗೆಯ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಿದ್ದೆ, ಯಾರಾದರೂ ನೋಡಿದರೆ ಕೆಳಗಿನವರ ಜೊತೆ ಏನೋ ಮಾತಾಡುತ್ತಿರುವಂತೆ ನಟಿಸುತ್ತಿದ್ದೆ. ಶುಂಠಿ ಕಷಾಯ ಕುಡಿದೆ, ಅರಿಶಿನದ ಹಾಲು ಕುಡಿದೆ, ಔಷಧ ಅಂಗಡಿಯವನು ಕೊಟ್ಟ ಸಿರಪ್ ಬಾಟಲಿ ಬಾಟಲಿ ಖಾಲಿ ಮಾಡಿದೆ. ನಮ್ಮೂರಿನಲ್ಲಿ ಕೆಮ್ಮುವವರಿಗೆ “ಏನಾತು” ಎಂದು ಯಾರೂ ಕೇಳುವುದಿಲ್ಲ. ಘಾಟು ಎನ್ನುತ್ತಾರೆ, ಮುಂದೆ ಹೋಗುತ್ತಾರೆ.

ಹೀಗಿರುವಾಗ ಒಂದು ದಿನ ಆಶಾ ಕಾರ್ಯಕರ್ತೆ ಸುನಂದಾ ಮನೆಗೆ ಬಂದಳು. ಓಣಿ ಓಣಿ ತಿರುಗಿ ಮನೆಯವರ ಆರೋಗ್ಯ ಕೇಳುತ್ತಿದ್ದಳು. ಶುಗರ್ ಐತೇನ್ರಿ, ಬಿ.ಪಿ. ಐತೇನ್ರಿ ಎಂದು ಕೇಳುತ್ತ ಕೇಳುತ್ತ, “ಕೆಮ್ಮ ಯಾರಿಗರ ಐತೇನ್ರಿ? ನಡದ್ರ ದಮ್ಮ ಹತ್ತತೈತೇನ್ರಿ?” ಎಂದಳು.

“ನಮ್ಮ ಅತ್ತಿಗೆ ಐತಿ ನೋಡವ್ವಾ” ಎಂದೆ. “ಎಪ್ಪತ್ತು ದಾಟ್ಯಾವು, ರಾತ್ರಿ ಖೊಕ್ ಖೊಕ್ ಅಂತಾರ.”

“ನಿಮಗ್ರಿ?”

“ನನಗೇನ ಆಗೈತಿ ಧಾಡಿ!” ಎನ್ನುವಷ್ಟರಲ್ಲಿ ಕೆಮ್ಮು ಬಂತು. ಗೋಡೆ ಹಿಡಿದು ಕೆಮ್ಮಿ ಮುಗಿಸಿ, “ಇದು ಕೆಮ್ಮಲ್ಲ ತಂಗಿ, ಘಾಟು” ಎಂದೆ.

ಸುನಂದಾ ನಗಲಿಲ್ಲ. ಬರುವ ವಾರ ಸಮುದಾಯ ಭವನದಲ್ಲಿ ಎದೆ ಪರೀಕ್ಷೆಯ ಶಿಬಿರ ಇದೆ, ಅತ್ತೆಯನ್ನು ಕರೆದುಕೊಂಡು ಬರ್ರಿ, ಬಂದ ಮೇಲೆ ನೀವೂ ಒಮ್ಮೆ ಮಷೀನಿಗೆ ಊದಿ ಹೋಗ್ರಿ ಎಂದಳು. ಆ ಎರಡನೆಯ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಶಿಬಿರದ ದಿನ ಅತ್ತೆಯನ್ನು ಹೊರಡಿಸುವುದೇ ಒಂದು ಸಾಹಸ. ಇಳಕಲ್ ಸೀರೆ ಉಟ್ಟು, ಕುಂಕುಮ ಹಚ್ಚಿಕೊಂಡು, ಬೀಗರ ಮನೆಗೆ ಹೊರಟವರ ಹಾಗೆ ಬಂದರು. ಭವನದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಮುಂದೆ ಒಂದು ಮೇಜು, ಮೇಜಿನ ಮೇಲೆ ಕೊಳವೆ ಹಚ್ಚಿದ ಸಣ್ಣ ಯಂತ್ರ, ಹಿಂದೆ ಒಬ್ಬ ಎಳೆ ವಯಸ್ಸಿನ ಡಾಕ್ಟರಮ್ಮ. ಮೂಗಿಗೆ ಚಿಮಟ ಹಾಕುತ್ತಾರೆ, ಎದೆ ತುಂಬ ಗಾಳಿ ಎಳೆದುಕೊಳ್ಳಬೇಕು, ಕೊಳವೆಯನ್ನು ತುಟಿಯಲ್ಲಿ ಬಿಗಿಯಾಗಿ ಹಿಡಿದು ಜೋರಾಗಿ ಊದಬೇಕು. ಉಸಿರು ತೀರಿತು ಎನಿಸಿದ ಮೇಲೂ ಊದುತ್ತಲೇ ಇರಬೇಕು. ಅವಳು ಎದುರಿಗೆ ನಿಂತು, “ಊದ್ರಿ, ಊದ್ರಿ, ಇನ್ನೂ ಇನ್ನೂ ಇನ್ನೂ, ಬಿಡಬ್ಯಾಡ್ರಿ” ಎಂದು ಕೂಗುವುದು ನೋಡಿದರೆ ಕಬಡ್ಡಿ ಆಡಿಸುತ್ತಿದ್ದಾಳೋ ಎನಿಸುತ್ತಿತ್ತು.

ಮೂಗಿಗೆ ಚಿಮಟ ಎಂದ ಕೂಡಲೇ ಅತ್ತೆ ಎದ್ದು ನಿಂತರು. “ಮೂಗುತಿ ಐತಿ, ನಾ ಒಲ್ಲೆ. ಎತ್ತಿಗೆ ಮೂಗದಾಣ ಹಾಕಿಧಾಂಗ ಹಾಕ್ತೀರೇನ?”

“ಏನೂ ಆಗಂಗಿಲ್ರಿ ಅತ್ತಿ. ಕುಂದ್ರಿ, ನಾ ಊದಿ ತೋರಸ್ತೇನಿ” ಎಂದು ನಾನೇ ಕುರ್ಚಿಯಲ್ಲಿ ಕುಳಿತೆ. ನನ್ನ ಪರೀಕ್ಷೆ ಆದದ್ದು ಹೀಗೆ. ಅತ್ತೆಯ ಅಂಜಿಕೆ ಬಿಡಿಸಲು ಹೋಗಿ.

ಊದಿದೆ. ಡಾಕ್ಟರಮ್ಮ ಪರದೆ ನೋಡಿ, “ಮತ್ತೊಮ್ಮೆ ಊದ್ರಿ, ಸರಿ ಆಗಿಲ್ಲ” ಎಂದಳು. ಮತ್ತೊಮ್ಮೆ ಊದಿದೆ. ಕಣ್ಣ ಮುಂದೆ ಚುಕ್ಕೆ ಕುಣಿದವು. “ಇನ್ನೊಮ್ಮೆ” ಎಂದಳು. ಮೂರನೆಯ ಸಲ ಊದುವಾಗ ಕೆಮ್ಮು ಬಂದು ಕೊಳವೆಯೇ ಬಾಯಿಂದ ಜಾರಿತು. ನನಗೆ ಸಿಟ್ಟು ಬಂತು. “ನಿಮ್ಮ ಮಷೀನ ಕೆಟ್ಟೈತಿ” ಎಂದೆ.

“ಇರಬಹುದ್ರಿ” ಎಂದು ಅವಳು ಶಾಂತವಾಗಿ ಹೇಳಿ ಅತ್ತೆಯ ಕಡೆ ತಿರುಗಿದಳು. ಮೂಗುತಿ ಬಿಟ್ಟು ಮೇಲೆ ಚಿಮಟ ಹಾಕಿಸಿಕೊಂಡು ಅತ್ತೆ ಊದಿದರು ನೋಡಿ! ಉಸಿರು ಮುಗಿಯಲೇ ಒಲ್ಲದು. ಹಿಂದೆ ಕುಳಿತವರು ಚಪ್ಪಾಳೆ ತಟ್ಟಿದರು. ಯಂತ್ರ ಕೆಟ್ಟಿರಲಿಲ್ಲ. ಅತ್ತೆಯ ಎದೆ ವಯಸ್ಸಿಗೆ ಚೆನ್ನಾಗಿಯೇ ಇತ್ತು, ರಾತ್ರಿಯ ಕೆಮ್ಮು ಹೊಟ್ಟೆಯ ಹುಳಿಯಿಂದ ಬರುತ್ತಿದ್ದಿರಬೇಕು, ಉಂಡ ಕೂಡಲೇ ಮಲಗಬೇಡಿ ಎಂದಳು ಡಾಕ್ಟರಮ್ಮ. ನನಗೆ ಮಾತ್ರ ಹಾವೇರಿಯ ಆಸ್ಪತ್ರೆಗೆ ಬರಲು ಹೇಳಿದಳು. ಮನೆಯವರೆಗೂ ಅತ್ತೆ, “ನನ್ನ ಎದಿ ನೋಡ, ನಿನ್ನ ಎದಿ ನೋಡ” ಎನ್ನುತ್ತ ಬಂದರು. ಓಣಿಯ ತಿರುವಿನಲ್ಲಿ ನಾನು ನಿಂತು ಉಸಿರೆಳೆದುಕೊಳ್ಳುವುದನ್ನು ನೋಡಿ ತಾವೂ ನಿಂತು ನನ್ನ ಕೈ ಹಿಡಿದರು.

ಹಾವೇರಿಗೆ ನಮ್ಮ ಮನೆಯವರ ಜೊತೆ ಹೋದೆ. ಆಸ್ಪತ್ರೆಯ ಓಣಿಯಂಥ ಮೊಗಸಾಲೆಯಲ್ಲಿ ಕಲ್ಲಿನ ಬೆಂಚು. ಪಕ್ಕದಲ್ಲಿ ಕುಳಿತವರೆಲ್ಲ ಕೆಮ್ಮುತ್ತಿದ್ದರು, ಎಲ್ಲರೂ ಇನ್ನೊಬ್ಬರ ಕೆಮ್ಮು ತಮ್ಮದಕ್ಕಿಂತ ಕೆಟ್ಟದೋ ಅಲ್ಲವೋ ಎಂದು ಕಿವಿಗೊಟ್ಟು ಕೇಳುತ್ತಿದ್ದರು. ನಾನೂ ಕೇಳಿದೆ. ಮೋಟೆಬೆನ್ನೂರಿನ ಒಬ್ಬ ಅಜ್ಜಿ ನನ್ನ ಕೈಯಲ್ಲಿ ಎರಡು ಲವಂಗ ಇಟ್ಟು, “ದವಡ್ಯಾಗ ಇಟಗೊ ಮಗಳ, ಕರಿಯೂ ತನಕ ಕೆಮ್ಮ ತಡಿತೈತಿ” ಎಂದಳು. ಕೆಮ್ಮು ಏನೂ ನಿಲ್ಲಲಿಲ್ಲ. ಆದರೂ ಆ ಲವಂಗದಿಂದ ನನಗೆ ಸಮಾಧಾನವಾಯಿತು.

ಎಕ್ಸ್‌ರೇ ತೆಗೆದರು, ಕಫ ಪರೀಕ್ಷೆಗೆ ಕಳಿಸಿದರು. ಕಫ ಎಂದ ಮೇಲೆ ಮನೆಯಲ್ಲಿ ಎಲ್ಲರ ತಲೆಯಲ್ಲೂ ಬಂದದ್ದು ಟಿ.ಬಿ. ಮರುದಿನ ನೋಡಿದರೆ ನನ್ನ ಚಹಾದ ಲೋಟ ಬೇರೆ ಗೂಡಿನಲ್ಲಿ. ಇಟ್ಟವರು ಅತ್ತೆ. ನನಗೆ ಎಷ್ಟು ನೋವಾಯಿತು ಎಂದರೆ, ಅವರಿಗೆ ಕೇಳಿಸಲೆಂದೇ ಪಾತ್ರೆ ಕುಕ್ಕಿ ಕುಕ್ಕಿ ತೊಳೆದೆ. ನಮ್ಮ ಮನೆಯವರು ಹೆದರಿಕೆಯಾದರೆ ರಿಪೇರಿಗೆ ಕೂಡುತ್ತಾರೆ. ಸರಿಯಾಗಿಯೇ ಓಡುತ್ತಿದ್ದ ಫ್ಯಾನು ಬಿಚ್ಚಿ ಕುಳಿತರು, ಆಮೇಲೆ ಮಿಕ್ಸರ್ ಬಿಚ್ಚಿದರು.

ಟಿ.ಬಿ. ಅಲ್ಲ ಎಂದು ಗೊತ್ತಾಗಿ ಬಂದ ಸಂಜೆ ನಾನು ಬಾಗಿಲಲ್ಲಿ ಕುಳಿತು ಚಹಾ ಕುಡಿಯುತ್ತಿದ್ದೆ. ಅತ್ತೆ ಬಂದು, “ತಾ ಇಲ್ಲಿ” ಎಂದು ನನ್ನ ಅರ್ಧ ಕುಡಿದ ಲೋಟ ಕಸಿದುಕೊಂಡು ಉಳಿದದ್ದನ್ನು ತಾವು ಕುಡಿದರು. ಕ್ಷಮೆ ಕೇಳುವುದು ಅವರ ಜಾಯಮಾನದಲ್ಲೇ ಇಲ್ಲ. ನಾನು ಅದನ್ನೇ ಕ್ಷಮೆ ಎಂದುಕೊಂಡೆ.

ರೋಗಕ್ಕೆ ಇಂಗ್ಲಿಷಿನಲ್ಲಿ ಉದ್ದ ಹೆಸರಿದೆ, ಚಿಕ್ಕದಾಗಿ ಸಿಒಪಿಡಿ ಎನ್ನುತ್ತಾರೆ. ಶಿಬಿರದಲ್ಲಿದ್ದ ಅದೇ ಡಾಕ್ಟರಮ್ಮ ನನಗೆ ತಿಳಿಯುವ ಹಾಗೆ ಹೇಳಿದಳು: “ಗಾಳಿ ಒಳಗ ಹೋಗತೈತಿ ಅಕ್ಕಾರ, ಹೊರಗ ಬರಾಕ ದಾರಿ ಸಣ್ಣ ಆಗೈತಿ. ಹೋದದ್ದು ತಿರುಗಿ ಬರಂಗಿಲ್ಲ. ಇದ್ದದ್ದನ್ನ ಉಳಿಸಿಕೊಳ್ಳಾಕ ಬರತೈತಿ.”

“ಬೀಡಿ ಸೇದಾವ್ರಿಗೆ ಬರೂದಲ್ಲೇನ್ರಿ ಇದು?” ಎಂದೆ. ನನ್ನ ಜನ್ಮದಲ್ಲಿ ಬೀಡಿ ಮುಟ್ಟಿದವಳಲ್ಲ.

ಅವಳು ತವರುಮನೆಯ ಒಲೆಯ ಬಗ್ಗೆ ಕೇಳಿದಳು. ಹತ್ತಿಕಟ್ಟಿಗೆ ಒಟ್ಟಿ, ಊದುಗೊಳವೆ ಹಿಡಿದು, ಕಿಟಕಿ ಇಲ್ಲದ ಅಡುಗೆಮನೆಯಲ್ಲಿ ಚಿಕ್ಕಂದಿನಿಂದ ರೊಟ್ಟಿ ಬಡಿದದ್ದು ಹೇಳಿದೆ. ಆಮೇಲೆ ಗಿರಣಿಯ ಬಗ್ಗೆ ಕೇಳಿದಳು. ನಾನು ಹೇಳುತ್ತ ಹೋದಂತೆ ಅವಳ ಮುಖ ಬದಲಾಯಿತು. “ಒಂದು ಕಾರಣ ಅಂತ ಬೆರಳು ಮಾಡಿ ಹೇಳಾಕ ಬರಂಗಿಲ್ಲ. ಆದ್ರ ಆ ಧೂಳು ಇನ್ನ ನಿಮ್ಮ ಎದಿಗೆ ನಡಿಯಂಗಿಲ್ಲ. ಗಿರಣಿ ಬಿಡ್ರಿ” ಎಂದಳು.

“ಔಷಧ ಕೊಡ್ರಿ, ತಗೋತೇನಿ. ಗಿರಣಿ ಮಾತು ಬ್ಯಾಡ” ಎಂದು ಎದ್ದು ಬಂದೆ.

ಔಷಧ ಎಂದರೆ ಬಾಯಿಗೆ ಹಿಡಿದು ಎಳೆದುಕೊಳ್ಳುವ ಪಂಪು. ಅದನ್ನು ಹಿಡಿದರೆ ಬಿಡಲು ಬರುವುದಿಲ್ಲ, ಕೊನೆಯ ಹಂತದವರಿಗೆ ಕೊಡುತ್ತಾರೆ ಎಂದು ನಮ್ಮಲ್ಲಿ ಮಾತಿದೆ. ಮೊದಮೊದಲು ದೇವರ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಎಳೆದುಕೊಳ್ಳುತ್ತಿದ್ದೆ. ಅತ್ತೆ ನೆರೆಯವರಿಗೆ “ಶುಗರ್ ಬಂದೈತಿ” ಎಂದು ಸುಳ್ಳು ಹೇಳಿ ನನಗೆ ಸಕ್ಕರೆ ಇಲ್ಲದ ಚಹಾ ಗಂಟುಹಾಕಿದರು, ಹೋದ ಮನೆಯಲ್ಲೆಲ್ಲ ಸಪ್ಪೆ ಚಹಾ ಕುಡಿದೆ. ತುಟಿ ಚೂಪು ಮಾಡಿ ಮೆಲ್ಲಗೆ ಉಸಿರು ಬಿಡುವ ಅಭ್ಯಾಸ ಕಲಿಸಿದ್ದರು. ಕಟ್ಟೆಯ ಮೇಲೆ ಕುಳಿತು ಮಾಡಿದರೆ ಅತ್ತೆ, “ಹೆಣ್ಣಮಗಳಾಗಿ ಸೀಟಿ ಹೊಡಿತೀಯೇನ, ಮಂದಿ ಏನಂದಾರ!” ಎಂದು ಒಳಗೆ ಕರೆದರು. ಕೆಲವು ದಿನಗಳ ಮೇಲೆ ನೋಡಿದರೆ, ಹಪ್ಪಳ ಲಟ್ಟಿಸುತ್ತ ತಾವೂ ತುಟಿ ಚೂಪು ಮಾಡಿಕೊಂಡು ಕುಳಿತಿದ್ದಾರೆ.

ಪಂಪಿನಿಂದ ಬೆಳಗಿನ ಕೆಮ್ಮು ಇಳಿಯಿತು. ಇದನ್ನು ಓದುವ ಯಾರಾದರೂ ಅದಕ್ಕೆ ಅಂಜುತ್ತಿದ್ದರೆ, ಅಂಜಬೇಡಿ. ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ, ಅಷ್ಟೇ. ನನ್ನ ಜಗಳ ಪಂಪಿನ ಜೊತೆ ಇರಲಿಲ್ಲ, ಗಿರಣಿಯನ್ನು ಬಿಡು ಎಂದವರ ಜೊತೆ ಇತ್ತು. ಮಾಸ್ಕ್ ಹಾಕಿಕೊಂಡು ನಿಂತೆ. ಬೆವರಿಗೆ ಖಾರ ಅಂಟಿ ಕೆನ್ನೆ ಉರಿಯುತ್ತಿತ್ತು, ತೆಗೆದು ಕೊರಳಿಗೆ ಹಾಕಿಕೊಳ್ಳುತ್ತಿದ್ದೆ. ಮನೆಯವರು ಕಡೆಗೆ ಒಂದು ದಿನ ಬಾಯಿ ಬಿಟ್ಟರು. “ಮಾರಿ ಬಿಡೂಣು ಗಿರಿಜಾ. ತಗೊಳ್ಳಾವ ಒಬ್ಬಾಂವ ಅದಾನ.”

“ತಗೊಂಡಾವ ಉಸರಾಡಂಗಿಲ್ಲೇನ್ರಿ?” ಎಂದೆ. ಸಿಟ್ಟಿನಲ್ಲಿ ಅಂದ ಮಾತು. ಆಮೇಲೆ ನನ್ನ ಮಾತೇ ನನ್ನನ್ನು ಬಿಡಲಿಲ್ಲ, ಏಕೆಂದರೆ ಗಿರಣಿಯಲ್ಲಿ ಉಸಿರಾಡುತ್ತಿದ್ದವಳು ನಾನೊಬ್ಬಳೇ ಅಲ್ಲ.

ರೇಣುಕಾ ಎಂಬ ಹುಡುಗಿ ನನ್ನ ಕೈಕೆಳಗೆ ಕೆಲಸಕ್ಕಿದ್ದಳು. ಹುಡುಗಿ ಎಂದರೆ ಮೂವತ್ತರ ಆಸುಪಾಸು, ಎರಡು ಮಕ್ಕಳ ತಾಯಿ. ಗಂಡ ಲಾರಿಯ ಮೇಲೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಕಾಯಿಯ ತೊಟ್ಟು ಬಿಡಿಸುವುದು, ಜರಡಿ ಹಿಡಿಯುವುದು, ನಾನು ದಣಿದರೆ ಗಿರಣಿಗೆ ನಿಲ್ಲುವುದು ಎಲ್ಲ ಅವಳೇ. ಒಂದು ಮಧ್ಯಾಹ್ನ ಮೋಡ ಹಾಕಿ ಬಂತು. ಮಾಳಿಗೆಯ ಮೇಲೆ ಗಿರಾಕಿಗಳ ಕಾಯಿ ಹರವಿತ್ತು. ರೋಗ ಮರೆತು ದಡದಡ ಮೆಟ್ಟಿಲು ಹತ್ತಿದೆ, ನಡುವೆ ಉಸಿರು ಕಟ್ಟಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ಕೂಗಲು ದನಿಯಿಲ್ಲ. ಸತ್ತೇ ಹೋಗುತ್ತೇನೆ ಎನಿಸಿತು, ಸುಳ್ಳೇಕೆ ಹೇಳಲಿ, ದೇವರು ನೆನಪಾಗಲಿಲ್ಲ, ಪಂಪು ಎಲ್ಲಿಟ್ಟೆ ಎಂದು ನೆನಪಾಯಿತು. ರೇಣುಕಾ ಓಡಿ ಬಂದು, ಒಳಗಿನಿಂದ ಪಂಪು ತಂದು ಬಾಯಿಗೆ ಹಿಡಿದಳು, ಬೆನ್ನು ಸವರುತ್ತ ಪಕ್ಕದಲ್ಲಿ ಕುಳಿತಳು. ನನ್ನ ಉಸಿರು ದಾರಿಗೆ ಬರುವ ಹೊತ್ತಿಗೆ ಅವಳಿಗೆ ಕೆಮ್ಮು ಬಂತು. ಮೆಟ್ಟಿಲಿಗೆ ಬಾಗಿ, ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದಳು.

“ಎಷ್ಟ ದಿನದಿಂದ ಐತಿ ಇದು?” ಎಂದೆ.

“ಏನಿಲ್ಲ ಬಿಡ್ರಿ ಅಕ್ಕಾರ. ಘಾಟು” ಎಂದಳು.

ಮಳೆ ಹನಿ ಬಿತ್ತು. ಕಾಯಿ ತೊಯ್ದವು. ಇಬ್ಬರೂ ಏಳಲಿಲ್ಲ.

ಆ ವಾರವೇ ಮನೆಯವರಿಗೆ ಹೇಳಿ ಗಿರಣಿ ಖೋಲಿಯ ಗೋಡೆ ಒಡೆಸಿದೆ. ದೊಡ್ಡ ಫ್ಯಾನು ಕೂತಿತು, ಧೂಳು ಹಿಡಿಯಲು ಗಿರಣಿಯ ಬಾಯಿಗೆ ಬಟ್ಟೆಯ ಚೀಲ ಬಂತು. ನಾನು ಪಡಸಾಲೆಯಲ್ಲಿ ಕುಳಿತು ಗಿರಾಕಿ ನೋಡುವುದು, ಒಳಗೆ ರೇಣುಕಾ ಮಾಸ್ಕ್ ಹಾಕಿಕೊಂಡು ಬೀಸುವುದು ಎಂದು ಮಾಡಿದೆ. ಗಿರಣಿಯೂ ಉಳಿಯಿತು, ಎದೆಯೂ ಉಳಿಯಿತು ಎಂದು ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಒಂದೇ ಕೆಲಸ ಬಾಕಿ ಇತ್ತು. ರೇಣುಕಾಳನ್ನು ಊದಿಸುವುದು.

ಅವಳು ಸುತಾರಾಂ ಒಪ್ಪಲಿಲ್ಲ. ಇವತ್ತು ಮಗುವಿಗೆ ಜ್ವರ ಎಂದಳು, ನಾಳೆ ನೀರು ಬರುವ ದಿನ ಎಂದಳು. ಕಡೆಗೆ ನಾನು ಸಿಡುಕಿದಾಗ ತಲೆ ತಗ್ಗಿಸಿ, “ಊದಿ ಕೆಟ್ಟದ್ದ ಬಂತಂದ್ರ ನನ್ನ ಕೆಲಸಾ ಹೋಗತೈತಲ್ರಿ” ಎಂದಳು.

ಡಾಕ್ಟರಮ್ಮನ ಮುಂದಿನಿಂದ ನಾನು ಎದ್ದು ಬಂದದ್ದೂ ಇದೇ ಅಂಜಿಕೆಗೆ. ನನಗಾದರೆ ಮನೆ ಇತ್ತು, ಗಂಡನ ಅಂಗಡಿ ಇತ್ತು. ಅವಳಿಗೆ ಈ ಕೆಲಸವೊಂದೇ. “ಏನರ ಬರಲಿ ರೇಣವ್ವಾ, ನಿನ್ನ ಕೆಲಸಕ್ಕ ನಾ ಕೈ ಹಚ್ಚಂಗಿಲ್ಲ. ಇದು ನನ್ನ ಮಾತು” ಎಂದೆ. ಹೇಳುವುದು ಸುಲಭವಾಗಿತ್ತು. ವಯಸ್ಸಿನ ಹುಡುಗಿ, ಏನೂ ಇರುವುದಿಲ್ಲ ಎಂದು ನಾನು ಒಳಗೊಳಗೇ ನಂಬಿದ್ದೆ.

ಹಾವೇರಿಯ ಅದೇ ಬೆಂಚಿನ ಮೇಲೆ ಈ ಸಲ ನಾನು ಜೊತೆಗೆ ಬಂದವಳು. ಕಾಯುವುದು ನನ್ನ ಸರದಿಗಿಂತ ಕಷ್ಟವಾಯಿತು. ಒಳಗಿನಿಂದ “ಊದ್ರಿ, ಇನ್ನೂ ಇನ್ನೂ” ಎಂಬ ಕೂಗು ಕೇಳುತ್ತಿತ್ತು. ನಾನೂ ಹೊರಗೆ ಕುಳಿತು ತುಟಿ ಬಿಗಿಹಿಡಿದು ಅವಳ ಜೊತೆ ಊದುತ್ತಿದ್ದೆ. ಒಮ್ಮೆ ಮುಗಿಯಿತು. ಮತ್ತೆ “ಇನ್ನೊಮ್ಮೆ” ಎಂದರು. ಶಿಬಿರದಲ್ಲಿ ನನಗೂ ಹೀಗೇ ಅಂದಿದ್ದರು.

ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂಡಿಸಿಕೊಂಡು ಹೇಳಿದಳು. ಶುರುವಾಗಿದೆ. ಬಹಳ ಏನೂ ಇಲ್ಲ, ಔಷಧಕ್ಕೆ ಎದೆ ಚೆನ್ನಾಗಿ ತೆರೆದುಕೊಳ್ಳುತ್ತಿದೆ. ಈಗಲೇ ಧೂಳಿನಿಂದ ದೂರ ಇಟ್ಟರೆ ಇವರು ನಿಮ್ಮ ಹಾಗೆ ಆಗುವುದಿಲ್ಲ. ಫ್ಯಾನು, ಚೀಲ, ಮಾಸ್ಕ್ ಎಂದು ನಾನು ನಮ್ಮ ಏರ್ಪಾಟೆಲ್ಲ ವಿವರಿಸಿದೆ. ಅವಳು ಕೊನೆಯವರೆಗೂ ಕೇಳಿ, “ಮೊದಲಿಗಿಂತ ಛಲೋ. ಆದ್ರ ಈ ಎದಿಗೆ ಅದು ಸಾಲಂಗಿಲ್ರಿ” ಎಂದಳು.

ಹೊರಗೆ ಬಂದೆವು. ರೇಣುಕಾ ನನ್ನ ಮುಖವನ್ನೇ ನೋಡುತ್ತ ನಿಂತಳು. ನಾನು ಕೊಟ್ಟ ಮಾತು ಅವಳಿಗೆ ನೆನಪಿತ್ತು, ನನಗೂ ಇತ್ತು. ಇನ್ನೊಬ್ಬ ಗಟ್ಟಿ ಎದೆಯವಳನ್ನು ತಂದು ಗಿರಣಿಗೆ ನಿಲ್ಲಿಸಬಹುದು ಎಂಬ ವಿಚಾರ ಒಂದು ಗಳಿಗೆ ಬಂದು ಹೋಯಿತು. ಆ ಹೊಸಬಳ ಎದೆಯಾದರೂ ಎಷ್ಟು ದಿನ ಗಟ್ಟಿ ಇದ್ದೀತು? ಮುಂದೆ ನಾವು ಶ್ಯಾವಿಗೆ ಯಂತ್ರ ತಂದದ್ದು, ಅದಕ್ಕೆ ಮನೆಯವರು ಗಿರಣಿಯದೇ ಮೋಟರು ಹಚ್ಚಿದ್ದು, ಅತ್ತೆಯ ಹಪ್ಪಳಕ್ಕೆ ರಾಣೆಬೆನ್ನೂರಿನಿಂದ ಗಿರಾಕಿ ಬಂದದ್ದು, ಎಲ್ಲ ಎಷ್ಟೋ ದಿನಗಳ ಮೇಲಿನ ಮಾತು. ಆ ಹೊತ್ತಿಗೆ ನನ್ನ ಹತ್ತಿರ ಏನೂ ಇರಲಿಲ್ಲ.

“ನಾಳಿಂದ ಗಿರಣಿ ಚಾಲೂ ಮಾಡೂದಿಲ್ಲ” ಎಂದೆ. “ನೀ ಯಾವತ್ತಿನಂಗ ಒಂಬತ್ತಕ್ಕ ಬಾ.”

“ಬಂದು ಏನ್ ಮಾಡ್ಲ್ರಿ ಅಕ್ಕಾರ?”

“ನನಗೂ ಗೊತ್ತಿಲ್ಲ. ಇಬ್ಬರೂ ಕುಂತು ವಿಚಾರ ಮಾಡೂಣು. ಮೊದಲ ನೀ ಬಾ.”

ಮರುದಿನ ನಾನು ಹಾಲು ಕಾಯಿಸುತ್ತಿದ್ದೆ. ಗಿರಣಿಯ ಬಾಗಿಲು ಮುಚ್ಚಿತ್ತು. ಎಂಟೂವರೆ ಆಗಿತ್ತೋ ಇಲ್ಲವೋ, ರೇಣುಕಾ ಬಂದು ಕಟ್ಟೆಯ ಮೇಲೆ ಕುಳಿತಿದ್ದಳು.